ಮುದಿ ಬೆಕ್ಕು ಹಾಸಿಗೆ ಒದ್ದೆ ಮಾಡಿದರೆ...

ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಶಿಸ್ತಾಗಿ ಬೆಳೆದ ಬೆಕ್ಕು. ಮೂಲೆಯಲ್ಲಿಟ್ಟ ಮರಳಿನ ಟ್ರೇ ಬಿಟ್ಟು ಬೇರೆಡೆ ಎಂದೂ ಗಲೀಜು ಮಾಡಿದ್ದಲ್ಲ. ಅಂಥ ಬೆಕ್ಕು ಇದ್ದಕ್ಕಿದ್ದಂತೆ ಒಂದು ದಿನ ಹಾಸಿಗೆಯ ಮೇಲೆ ಮೂತ್ರ ಮಾಡುತ್ತದೆ. ಮರುದಿನ ಒಗೆದಿಟ್ಟ ಬಟ್ಟೆಯ ಗುಡ್ಡೆಯ ಮೇಲೆ. ಮೂರನೆಯ ದಿನ ಮಡಿಸಿಟ್ಟ ಜಾನಮಾಝ್‌ನ ಮೇಲೆ. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ. "ಇದಕ್ಕೆ ಸೊಕ್ಕು ಬಂದಿದೆ" ಎನ್ನುತ್ತಾರೆ ಒಬ್ಬರು. "ವಯಸ್ಸಾಯಿತು, ಎಲ್ಲಾದರೂ ಬಿಟ್ಟು ಬನ್ನಿ" ಎನ್ನುತ್ತಾರೆ ಇನ್ನೊಬ್ಬರು. ಒರೆಸಿ, ಒಗೆದು ಸಾಕಾದ ಗೃಹಿಣಿಗೂ ಒಮ್ಮೊಮ್ಮೆ ಅದೇ ಸರಿ ಎನಿಸಿಬಿಡುತ್ತದೆ.

ಅಂಥ ತೀರ್ಮಾನಕ್ಕೆ ಬರುವ ಮೊದಲು ಒಂದು ವಿಷಯವನ್ನು ನೀವು ತಿಳಿದುಕೊಳ್ಳಬೇಕು. ಬೆಕ್ಕು ಸೇಡಿಗಾಗಿ ಮೂತ್ರ ಮಾಡುವುದಿಲ್ಲ. ಅದು ಹುಟ್ಟಿನಿಂದಲೇ ಶುಚಿಯನ್ನು ಇಷ್ಟಪಡುವ ಪ್ರಾಣಿ. ಮಣ್ಣು ಕೆದಕಿ, ಮುಚ್ಚಿ ಬರುವುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ವಯಸ್ಸಾದ ಬೆಕ್ಕು ಈ ಅಭ್ಯಾಸವನ್ನು ಬಿಟ್ಟಿದೆ ಎಂದರೆ, ಅದಕ್ಕೆ ಎಲ್ಲೋ ನೋವಿದೆ, ಇಲ್ಲವೆ ಟ್ರೇಯವರೆಗೆ ಹೋಗಲು ಏನೋ ಅಡ್ಡಿಯಿದೆ ಎಂದು ಅರ್ಥ. ಬಾಯಿಲ್ಲದ ಪ್ರಾಣಿ ತನ್ನ ಕಾಯಿಲೆಯನ್ನು ಹೇಳಿಕೊಳ್ಳಲು ಅದಕ್ಕೆ ಇರುವ ದಾರಿಗಳಲ್ಲಿ ಇದೂ ಒಂದು.

ಹಿತ್ತಿಲು ಹೋಯಿತು, ಟ್ರೇ ಬಂತು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಮನೆಗಳಲ್ಲಿ ಬೆಕ್ಕು ಹೊಸದೇನಲ್ಲ. ಭತ್ತ, ರಾಗಿಯ ಮೂಟೆಗಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆಗ ಬೆಕ್ಕಿನ ಶೌಚದ ಚಿಂತೆ ಯಾರಿಗೂ ಇರಲಿಲ್ಲ. ಹಿತ್ತಿಲಿನಲ್ಲಿ ನುಗ್ಗೆಮರದ ಬುಡವೋ ಬಾಳೆಯ ಪಾತಿಯೋ ಇರುತ್ತಿತ್ತು. ಬೆಕ್ಕು ಹೋಗಿ ತನ್ನ ಕೆಲಸ ಮುಗಿಸಿ ಬರುತ್ತಿತ್ತು.

ಈಗ ಅನೇಕ ಮನೆಗಳ ಹಿತ್ತಿಲಿಗೆ ಸಿಮೆಂಟು ಬಿದ್ದಿದೆ. ಅಂಗಳಕ್ಕೆ ಟೈಲ್ಸ್ ಬಂದಿದೆ. ಬೀದಿಯಲ್ಲಿ ನಾಯಿಗಳ ಕಾಟ. ಎಳೆಯ ಬೆಕ್ಕಾದರೆ ಗೋಡೆ ಹಾರಿ ಪಕ್ಕದ ಖಾಲಿ ಸೈಟಿಗೆ ಹೋದೀತು. ಮುದಿ ಬೆಕ್ಕಿಗೆ ಗೋಡೆ ಹತ್ತುವ ಶಕ್ತಿಯಿಲ್ಲ, ನಾಯಿಯಿಂದ ತಪ್ಪಿಸಿಕೊಂಡು ಓಡುವ ಧೈರ್ಯವೂ ಇಲ್ಲ. ಇಷ್ಟು ವರ್ಷ ಹೊರಗೆ ಹೋಗುತ್ತಿದ್ದ ಬೆಕ್ಕು ಒಮ್ಮೆಗೇ ಮನೆಯೊಳಗೆ ಮಾಡತೊಡಗಿದರೆ, ಮೊದಲು ಹಿತ್ತಿಲ ಕಡೆ ಒಮ್ಮೆ ನೋಡಿ. ಅದು ಹೋಗುತ್ತಿದ್ದ ಜಾಗ ಇನ್ನೂ ಇದೆಯೇ? ಬಕ್ರೀದ್‌ಗೆಂದು ತಂದ ಟಗರನ್ನು ಅಲ್ಲೇ ಕಟ್ಟಿದ್ದೀರಾ? ಜಲ್ಲಿ, ಮರಳು ಸುರಿದಿದ್ದೀರಾ?

ವೈದ್ಯರು ಮೊದಲು, ಉಳಿದದ್ದು ಆಮೇಲೆ

ಬೆಕ್ಕಿನ ಹತ್ತನೆಯ ವರ್ಷ ಎಂದರೆ ಮನುಷ್ಯರ ಐವತ್ತೈದು ಅರವತ್ತರ ಲೆಕ್ಕ. ಹದಿನೈದು ದಾಟಿದರೆ ಎಪ್ಪತ್ತೈದರ ಆಚೆಗೆ. ಆ ವಯಸ್ಸಿನ ಹಿರಿಯರಿಗೆ ಬರುವ ಕಾಯಿಲೆಗಳೇ ಹೆಚ್ಚುಕಡಿಮೆ ಬೆಕ್ಕಿಗೂ ಬರುತ್ತವೆ.

ಮೊದಲನೆಯದು, ತುಂಬ ಸಾಮಾನ್ಯವಾದದ್ದು, ಮೂತ್ರಪಿಂಡದ ತೊಂದರೆ. ಸಾಕುಬೆಕ್ಕುಗಳೆಲ್ಲ ಅರಬ್ ನಾಡಿನ ಸುತ್ತಮುತ್ತಲಿನ ಒಣಪ್ರದೇಶದ ಕಾಡುಬೆಕ್ಕಿನ ಸಂತತಿ ಎಂಬುದು 2007ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯಿಂದ ಖಚಿತವಾಗಿದೆ. ನೀರಿಲ್ಲದ ಕಡೆ ಬದುಕಿದ ಜೀವ ಕಡಿಮೆ ನೀರು ಕುಡಿದು ಮೂತ್ರವನ್ನು ಗಟ್ಟಿಯಾಗಿಸಿ ಹೊರಹಾಕುವುದನ್ನು ರೂಢಿಸಿಕೊಂಡಿತು. ಮೂತ್ರಪಿಂಡಕ್ಕೆ ಜೀವನವಿಡೀ ದುಡಿತ. ಅದರ ಶಕ್ತಿ ಮೂರನೇ ಎರಡು ಭಾಗದಷ್ಟು ಕುಂದುವವರೆಗೂ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಆಮೇಲೆ ಬೆಕ್ಕು ಪದೇ ಪದೇ ನೀರು ಕುಡಿಯುತ್ತದೆ, ತುಂಬ ಮೂತ್ರ ಮಾಡುತ್ತದೆ, ಸೊರಗುತ್ತದೆ. ಟ್ರೇ ಬೇಗ ಒದ್ದೆಯಾಗಿ ಗಲೀಜಾಗುವುದರಿಂದ ಒಣ ಜಾಗ ಹುಡುಕಿಕೊಂಡು ಹಾಸಿಗೆಗೆ ಬರುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಥೈರಾಯ್ಡ್ ಹೆಚ್ಚಾದಾಗಲೂ ಲಕ್ಷಣಗಳು ಹೀಗೇ ಇರುತ್ತವೆ. ಯಾವುದು ಎಂದು ರಕ್ತ ಮತ್ತು ಮೂತ್ರ ಪರೀಕ್ಷೆಯಿಂದಲೇ ತಿಳಿಯಬೇಕು.

ಎರಡನೆಯದು ಕೀಲುನೋವು. ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸರೇ ನೋಡಿದ ಅಮೆರಿಕದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಆ ನೂರರಲ್ಲಿ ತೊಂಬತ್ತಕ್ಕೆ ಕೀಲು ಸವೆತದ ಗುರುತುಗಳಿದ್ದವು. ಬೆಕ್ಕು ಕುಂಟುವುದು ಕಡಿಮೆ. ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಮೊದಲು ಕಿಟಕಿಗೆ ಹಾರುತ್ತಿದ್ದದ್ದು ಈಗ ಹಾರುವುದಿಲ್ಲ, ಬೆನ್ನಿನ ಕೂದಲನ್ನು ನೆಕ್ಕಿ ಸರಿಮಾಡಿಕೊಳ್ಳುವುದಿಲ್ಲ, ಟ್ರೇಯ ಹತ್ತಿರದವರೆಗೂ ಹೋಗಿ ಹೊರಗೇ ಮಾಡುತ್ತದೆ ಎಂದಾದರೆ, ಟ್ರೇಯ ಅಂಚು ದಾಟಲು ಅದಕ್ಕೆ ನೋವಾಗುತ್ತಿದೆ ಎಂದು ತಿಳಿಯಿರಿ.

ಮೂರನೆಯದು ಮೂತ್ರಕೋಶದ ಉರಿ ಮತ್ತು ಸೋಂಕು. ಇದರಲ್ಲಿ ಸ್ವಲ್ಪ ಸ್ವಲ್ಪವೇ, ಹತ್ತಾರು ಸಲ, ಸಿಕ್ಕಿದಲ್ಲಿ ಮಾಡುತ್ತದೆ. ಕೆಲವೊಮ್ಮೆ ರಕ್ತವೂ ಇರುತ್ತದೆ. ಟ್ರೇಯಲ್ಲಿ ಕೂತಾಗ ಉರಿಯಾದರೆ ಬೆಕ್ಕು ಆ ನೋವಿಗೆ ಟ್ರೇಯನ್ನೇ ದೂರುತ್ತದೆ. ಮತ್ತೆ ಅತ್ತ ಸುಳಿಯುವುದಿಲ್ಲ.

ನಾಲ್ಕನೆಯದು ಮರೆವು. ತುಂಬ ಮುದಿಯಾದ ಬೆಕ್ಕು ರಾತ್ರಿ ಸುಮ್ಮಸುಮ್ಮನೆ ಗಟ್ಟಿಯಾಗಿ ಕೂಗುತ್ತದೆ, ಕೋಣೆಯ ಮಧ್ಯೆ ದಾರಿ ತಪ್ಪಿದಂತೆ ನಿಲ್ಲುತ್ತದೆ. ಟ್ರೇ ಎಲ್ಲಿದೆ ಎಂಬುದೇ ಅದಕ್ಕೆ ನೆನಪಾಗುವುದಿಲ್ಲ. ಕಣ್ಣು ಮಂಜಾಗಿದ್ದರೆ ಕತ್ತಲಲ್ಲಿ ಇನ್ನೂ ಕಷ್ಟ.

ಇವೆಲ್ಲವುಗಳ ನಡುವೆ ಒಂದು ಮಾತ್ರ ತುರ್ತು. ಗಂಡುಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕರಿಯುತ್ತಿದೆ, ಕೂಗುತ್ತಿದೆ, ಆದರೆ ಒಂದು ಹನಿಯೂ ಬರುತ್ತಿಲ್ಲ ಎಂದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. "ನಾಳೆ ನೋಡೋಣ" ಎಂದು ಕಾಯುವಂತಿಲ್ಲ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತ ಕೂರಬೇಡಿ.

ನಿಮ್ಮ ತಾಲ್ಲೂಕು ಕೇಂದ್ರದ ಸರಕಾರಿ ಪಶು ಆಸ್ಪತ್ರೆಗೆ ಹಸು, ಕುರಿಗಳೇ ಹೆಚ್ಚು ಬರುತ್ತವೆ ನಿಜ. ಆದರೆ ಬೆಕ್ಕನ್ನು ಒಯ್ಯಲು ಸಂಕೋಚ ಬೇಡ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೂ ಕರೆ ಮಾಡಿ ಕೇಳಬಹುದು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಬೇಕಾದಾಗ ಮೈಸೂರಿಗೆ ಹೋಗಬೇಕಾಗಬಹುದು. ಶ್ರೀರಂಗಪಟ್ಟಣದವರಿಗೆ ಅದು ಹತ್ತಿರ; ನಾಗಮಂಗಲ, ಕೆ.ಆರ್.ಪೇಟೆಯವರಿಗೆ ಒಂದು ದಿನದ ಕೆಲಸ. ಆದ್ದರಿಂದ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ವಯಸ್ಸೆಷ್ಟು, ಯಾವಾಗಿನಿಂದ ಹೀಗೆ, ದಿನಕ್ಕೆ ಎಷ್ಟು ಸಲ, ಹೆಚ್ಚೋ ಹನಿಹನಿಯೋ, ಬಣ್ಣ ಹೇಗಿದೆ, ನೀರು ಎಷ್ಟು ಕುಡಿಯುತ್ತದೆ, ತೂಕ ಇಳಿದಿದೆಯೇ. ಹಳೆಯ ಬಟ್ಟೆ ಹಾಸಿದ ಮುಚ್ಚಳವಿರುವ ಬುಟ್ಟಿಯಲ್ಲಿ ಕರೆದೊಯ್ದರೆ ಬಸ್ಸಿನಲ್ಲಿ ಗಾಬರಿಯಾಗುವುದಿಲ್ಲ.

ಮುದಿ ಬೆಕ್ಕಿಗೆ ತಕ್ಕ ಟ್ರೇ

ಚಿಕಿತ್ಸೆಯ ಜೊತೆಗೆ ಮನೆಯಲ್ಲಿ ಮಾಡಬೇಕಾದ ಮಾರ್ಪಾಡುಗಳಿಗೆ ಹೆಚ್ಚು ಖರ್ಚಿಲ್ಲ.

* ಅಂಚು ತಗ್ಗಾಗಿರಲಿ. ಹಳೆಯ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ನೆಲದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ. ಕತ್ತರಿಸಿದ ಅಂಚಿಗೆ ದಪ್ಪ ಟೇಪ್ ಸುತ್ತಿ. ಬೆಕ್ಕು ಒಳಗೆ ನಿಂತು ಆರಾಮವಾಗಿ ತಿರುಗುವಷ್ಟು ಅಗಲವಿರಲಿ.

* ಒಂದು ಬೆಕ್ಕಿಗೆ ಎರಡು ಟ್ರೇ. ಮಹಡಿ ಮನೆಯಾದರೆ ಕೆಳಗೊಂದು, ಮೇಲೊಂದು. ಮುದಿ ಬೆಕ್ಕಿನಿಂದ ಮೆಟ್ಟಿಲಿಳಿದು ಬರುವವರೆಗೆ ತಡೆದುಕೊಳ್ಳಲಾಗುವುದಿಲ್ಲ.

* ಜಾಗ ಶಾಂತವಾಗಿರಲಿ. ವಾಷಿಂಗ್ ಮೆಷಿನ್ ಪಕ್ಕ, ಬಾಗಿಲ ಸಂದಿ ಬೇಡ. ಊಟದ ಬಟ್ಟಲಿನ ಹತ್ತಿರವೂ ಬೇಡ. ರಾತ್ರಿ ಸಣ್ಣದೊಂದು ದೀಪ ಉರಿಯಲಿ.

* ಒಳಗೆ ಏನು ತುಂಬಬೇಕು? ಅಂಗಡಿಯ ಬೆಕ್ಕಿನ ಮರಳು ದುಬಾರಿಯಾದರೆ ಜರಡಿ ಹಿಡಿದ ಮೆತ್ತನೆಯ ಮರಳು ಅಥವಾ ಮಣ್ಣು ಸಾಕು. ತೆಂಗಿನ ತೋಟಗಳಿರುವ ಕಡೆ ಉಪ್ಪಿನಂಶವಿಲ್ಲದ ನಾರಿನ ಪುಡಿ ಚೆನ್ನಾಗಿ ಹೀರುತ್ತದೆ. ಭತ್ತದ ಹೊಟ್ಟು ಸುಲಭವಾಗಿ ಸಿಕ್ಕರೂ ಚುಚ್ಚುತ್ತದೆ, ಹೀರುವುದೂ ಕಡಿಮೆ. ಒಲೆಯ ಬೂದಿ ಒದ್ದೆ ಪಾದಕ್ಕೆ ಉರಿ ತರುತ್ತದೆ. ಎರಡಿಂಚಿಗಿಂತ ದಪ್ಪ ಬೇಡ. ಹೂತುಹೋಗುವ ನೆಲದಲ್ಲಿ ನಿಲ್ಲಲು ನೋಯುವ ಕೀಲುಗಳಿಗೆ ಕಷ್ಟ.

* ದಿನಕ್ಕೆ ಎರಡು ಸಲ ಒದ್ದೆಯಾದ ಭಾಗ ತೆಗೆಯಿರಿ. ವಾರಕ್ಕೊಮ್ಮೆ ಎಲ್ಲವನ್ನೂ ಬದಲಿಸಿ ಟ್ರೇಯನ್ನು ಬರಿಯ ಸೋಪು ನೀರಿನಲ್ಲಿ ತೊಳೆಯಿರಿ. ನಮಗೆ ಹಿತವಾದ ಸುವಾಸನೆ ಬೆಕ್ಕಿಗೆ ಹಿತವಲ್ಲ.

* ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಾಡುತ್ತಿದ್ದರೆ ಹಠಕ್ಕೆ ಬೀಳಬೇಡಿ. ಟ್ರೇಯನ್ನು ಅಲ್ಲಿಗೇ ಇಡಿ. ಅಭ್ಯಾಸವಾದ ಮೇಲೆ ದಿನಕ್ಕೆ ಗೇಣುದ್ದದಂತೆ ಮೂಲೆಗೆ ಸರಿಸಬಹುದು.

ಮನೆಯ ದಿನಚರಿಯ ಕಡೆಗೂ ಗಮನವಿರಲಿ. ರಮಝಾನಿನಲ್ಲಿ ಸಹರಿಗೆ ಎದ್ದು ಇಫ್ತಾರಿನವರೆಗೆ ಊಟದ ಹೊತ್ತು ಬದಲಾಗುತ್ತದೆ. ಈದ್‌ಗೆ ಮನೆಗೆ ಬಣ್ಣ, ನೆಂಟರು, ಮಕ್ಕಳ ಗಲಾಟೆ. ಎಳೆಯ ಬೆಕ್ಕು ಇದನ್ನೆಲ್ಲ ಆಟವೆಂದುಕೊಳ್ಳುತ್ತದೆ. ಮುದಿ ಬೆಕ್ಕು ಹೆದರುತ್ತದೆ. ಆ ದಿನಗಳಲ್ಲಿ ಒಂದು ಕೋಣೆಯಲ್ಲಿ ಅದರ ಹಾಸಿಗೆ, ನೀರು, ಟ್ರೇ ಇಟ್ಟು ನೆಮ್ಮದಿಯಾಗಿರಲು ಬಿಡಿ.

ಬಾಲವೆತ್ತಿ ನಿಂತು ಗೋಡೆಗೆ, ಬೀರುವಿಗೆ ಚಿಮ್ಮಿಸುವುದು ಮಾತ್ರ ಬೇರೆ ವಿಷಯ. ಅದು ತನ್ನ ಗಡಿಯನ್ನು ಗುರುತು ಹಾಕುವ ರೀತಿ. ಗಂಡುಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ವೈದ್ಯರಲ್ಲಿ ಅದರ ಬಗ್ಗೆಯೂ ಕೇಳಿ.

ಶುಚಿಗೊಳಿಸುವಾಗ ಈ ಎಚ್ಚರಿಕೆ

ವಾಸನೆ ಉಳಿದರೆ ಬೆಕ್ಕು ಅದೇ ಜಾಗಕ್ಕೆ ಮರಳುತ್ತದೆ. ಒಣಗಿದ ಕಲೆ ಕಣ್ಣಿಗೆ ಕಾಣದಿದ್ದರೆ ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಬಳಸುವ ನೇರಳೆ ಬೆಳಕಿನ ಟಾರ್ಚ್ ತಂದು ಕತ್ತಲಲ್ಲಿ ಹಿಡಿಯಿರಿ. ಮೂತ್ರ ಬಿದ್ದ ಜಾಗ ಹೊಳೆಯುತ್ತದೆ.

ಹಸಿಯಾಗಿರುವಾಗ ತಿಕ್ಕಬೇಡಿ. ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಿ. ನಂತರ ತಣ್ಣೀರು, ಆಮೇಲೆ ಬಟ್ಟೆ ಸೋಪಿನ ನೀರು. ಒಂದು ಲೋಟ ಬಿಳಿ ವಿನೆಗರ್‌ಗೆ ಎರಡು ಲೋಟ ನೀರು ಬೆರೆಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದರೆ ವಾಸನೆ ಬಹಳ ಇಳಿಯುತ್ತದೆ. ಮಾರ್ಬಲ್ ನೆಲಕ್ಕೆ ಮಾತ್ರ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವವಿರುವ ದ್ರವ ಇನ್ನೂ ಒಳ್ಳೆಯದು. ಮೂತ್ರದಲ್ಲಿ ವಾಸನೆ ಹಿಡಿದಿಡುವ ಯೂರಿಕ್ ಆಮ್ಲವನ್ನು ಅದು ಒಡೆಯುತ್ತದೆ. ಮಳೆಗಾಲದಲ್ಲಿ ಹಳೆಯ ಕಲೆ ಮತ್ತೆ ನಾರುವುದು ಆ ಆಮ್ಲದಿಂದಲೇ.

ನಮ್ಮ ಮನೆಗಳಲ್ಲಿ ಗಲೀಜು ಎಂದೊಡನೆ ಕೈ ಹೋಗುವುದು ಫಿನಾಯಿಲ್ ಬಾಟಲಿಗೆ. ಇಲ್ಲಿ ಅದೇ ಅಪಾಯ. ಫಿನಾಯಿಲ್, ಹಾಗೆಯೇ ನೀರಿಗೆ ಬೆರೆಸಿದೊಡನೆ ಬೆಳ್ಳಗಾಗುವ ಸೋಂಕುನಿವಾರಕಗಳು ಬೆಕ್ಕಿಗೆ ವಿಷ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಸೇರುತ್ತದೆ. ಬ್ಲೀಚಿಂಗ್ ಪುಡಿಯೂ ಬೇಡ. ಮೂತ್ರದ ಅಮೋನಿಯಾದೊಂದಿಗೆ ಅದು ಸೇರಿದಾಗ ಏಳುವ ಹೊಗೆ ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು.

ಗರ್ಭಿಣಿಯರು ಟ್ರೇ ತೆಗೆಯುವ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗಬಹುದು. ಅದು ಮಲದಲ್ಲಿ ಸೋಂಕು ತಗಲುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಮನೆಯ ಬೇರೆ ಯಾರಾದರೂ ದಿನವೂ ತಪ್ಪದೆ ತೆಗೆದು, ಸೋಪಿನಿಂದ ಕೈ ತೊಳೆದರೆ ಅಪಾಯ ತುಂಬ ಕಡಿಮೆ. ಬೆಕ್ಕನ್ನೇ ಮನೆಯಿಂದ ಹೊರಹಾಕುವ ಅಗತ್ಯವಿಲ್ಲ.

ನಮಾಝಿನ ಜಾಗ

ನಮ್ಮ ಮನೆಗಳಲ್ಲಿ ಹೆಚ್ಚಿನ ಕಳವಳ ಇದೇ. ಬೆಕ್ಕು ಬಾಯಿ ಹಾಕಿದ ನೀರಿನ ಬಗ್ಗೆ ಹದೀಸ್‌ನಲ್ಲಿ ಬಹಳ ಸ್ಪಷ್ಟತೆಯಿದೆ. ಅಬೂ ಕತಾದ(ರ)ರಿಗೆ ವುಝೂವಿಗಾಗಿ ಸೊಸೆ ಕಬ್‌ಶಾ ನೀರಿಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಅದಕ್ಕೆ ಅನುಕೂಲವಾಗಲೆಂದು ಪಾತ್ರೆಯನ್ನೇ ಬಾಗಿಸಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ಮನೆಯೊಳಗೆ ನಮ್ಮ ನಡುವೆ ಸುಳಿದಾಡುವ ಜೀವ ಎಂದು ಪ್ರವಾದಿ(ಸ)ರು ಹೇಳಿದ್ದನ್ನು ತಿಳಿಸಿದರು.

ಆದರೆ ಮೂತ್ರದ ವಿಷಯ ಬೇರೆ. ನಮಾಝಿನ ಬಟ್ಟೆ, ಜಾಗಗಳಿಂದ ಅದನ್ನು ತೊಳೆದು ತೆಗೆಯಬೇಕು. ಎಷ್ಟು ಸಲ, ಹೇಗೆ ಎಂಬ ವಿವರಗಳಿಗೆ ನಿಮ್ಮೂರಿನ ಆಲಿಮರನ್ನು ಕೇಳಿ ತಿಳಿದುಕೊಳ್ಳಿ. ಅನುಕೂಲದ ದೃಷ್ಟಿಯಿಂದ ಜಾನಮಾಝ್‌ಗಳನ್ನು ಹಾಸಿಬಿಡದೆ ಪ್ರತಿ ನಮಾಝಿನ ನಂತರ ಮಡಿಸಿ ಬೀರುವಿನಲ್ಲಿಡಿ. ದಪ್ಪ ಮಖಮಲ್ಲಿನದಕ್ಕಿಂತ ಸುಲಭವಾಗಿ ಒಗೆದು ಒಣಗಿಸಬಹುದಾದ ತೆಳು ಹತ್ತಿಯದನ್ನು ಬಳಸಿ. ಸಾಧ್ಯವಾದರೆ ಬೆಕ್ಕು ಬಾರದ ಒಂದು ಕೋಣೆಯನ್ನು ನಮಾಝಿಗೆ ಇಟ್ಟುಕೊಳ್ಳಿ.

ಕೋಪ ಬಂದಾಗ ಇನ್ನೊಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಮದೀನಾದ ಮಸೀದಿಯಲ್ಲಿ ಒಬ್ಬ ಗ್ರಾಮೀಣ ಅರಬ ಮೂತ್ರ ಮಾಡಿದಾಗ ಜನ ಅವನತ್ತ ಸಿಟ್ಟಿನಿಂದ ಎದ್ದರು. ಅವನನ್ನು ಬಿಟ್ಟುಬಿಡಿ, ಆ ಜಾಗಕ್ಕೆ ಒಂದು ಬಕೆಟ್ ನೀರು ಸುರಿಯಿರಿ ಎಂದು ಪ್ರವಾದಿ(ಸ)ರು ಹೇಳಿದರು. ಇದನ್ನು ವರದಿ ಮಾಡಿದವರಲ್ಲಿ ಒಬ್ಬರು ಅಬೂ ಹುರೈರಾ(ರ). ಅವರ ಆ ಹೆಸರಿಗೆ ಬೆಕ್ಕಿನ ಮರಿಯವರು ಎಂಬ ಅರ್ಥವಿದೆ. ತಿಳಿಯದೆ ಮಾಡಿದ ಮನುಷ್ಯನ ಬಗ್ಗೆಯೇ ಇಷ್ಟು ಸಹನೆಯಿದ್ದ ಮೇಲೆ, ಬುದ್ಧಿಯಿಲ್ಲದ ಮುದಿ ಪ್ರಾಣಿಯ ಮೇಲೆ ಕೋಲೆತ್ತುವುದು ಹೇಗೆ?

ಇವನ್ನು ಎಂದೂ ಮಾಡಬೇಡಿ

* ಹೊಡೆಯುವುದು, ಮೂತ್ರಕ್ಕೆ ಮೂತಿ ಉಜ್ಜುವುದು. ಬೆಕ್ಕು ಇದರಿಂದ ಕಲಿಯುವುದು ನಿಮಗೆ ಹೆದರಬೇಕೆಂಬುದನ್ನು ಮಾತ್ರ. ಆಮೇಲೆ ಮಂಚದ ಅಡಿಯಲ್ಲಿ ಕದ್ದು ಮಾಡುತ್ತದೆ.

* ಮೂತ್ರ ಕಡಿಮೆಯಾಗಲೆಂದು ನೀರು ತಪ್ಪಿಸುವುದು. ಮೂತ್ರಪಿಂಡ ಸೋತ ಬೆಕ್ಕಿಗೆ ಇದು ಪ್ರಾಣಾಂತಿಕ. ಎರಡು ಮೂರು ಕಡೆ ಅಗಲ ಬಟ್ಟಲಿನಲ್ಲಿ ಶುದ್ಧ ನೀರಿಡಿ.

* ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದು. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ; ಒಂದೇ ಮಾತ್ರೆ ಕೊಲ್ಲಬಲ್ಲದು. ಮನುಷ್ಯರ ಬೇರೆ ನೋವುಮಾತ್ರೆಗಳೂ ಬೇಡ.

* ಉಳಿದ ಬಿರಿಯಾನಿ, ಸಾಲನ್ ಹಾಕುವುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶಮಾಡುತ್ತವೆ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನನ್ನು ಬೇಯಿಸಿದ ನೀರಿನ ಜೊತೆಗೇ ಕೊಡಿ. ನೀರೂ ಹೊಟ್ಟೆ ಸೇರುತ್ತದೆ. ಕಾಯಿಲೆಯಿದ್ದರೆ ಆಹಾರ ಏನಿರಬೇಕೆಂದು ವೈದ್ಯರನ್ನೇ ಕೇಳಿ.

ಬಿಟ್ಟು ಬರುವ ಮೊದಲು

ಬೇಡವಾದ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೊಳೆಯ ಆಚೆಗೋ ಸಂತೆಮಾಳಕ್ಕೋ ಕಬ್ಬಿನ ಗದ್ದೆಯ ಬದುವಿಗೋ ಬಿಟ್ಟು ಬರುವುದು ಹಳೆಯ ರೂಢಿ. ಎಳೆಯ ಬೆಕ್ಕಾದರೆ ಹೇಗೋ ಬದುಕಿಕೊಂಡೀತು. ಹಲ್ಲುದುರಿದ, ಕೀಲು ಹಿಡಿದ, ಹತ್ತಾರು ವರ್ಷ ನಿಮ್ಮ ಕೈತುತ್ತು ತಿಂದ ಬೆಕ್ಕು ಬೇಟೆಯಾಡಲಾರದು, ನಾಯಿಯಿಂದ ಓಡಲಾರದು. ಅದನ್ನು ಬಿಟ್ಟು ಬರುವುದೆಂದರೆ ನಿಧಾನವಾಗಿ ಸಾಯಲು ಬಿಡುವುದೆಂದೇ ಅರ್ಥ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ ಅದಾಗಿ ತಿನ್ನಲೂ ಬಿಡದೆ ಕೊಂದ ಹೆಂಗಸು ಶಿಕ್ಷೆಗೊಳಗಾದಳೆಂಬ ಹದೀಸ್ ನಮಗೆಲ್ಲ ಗೊತ್ತಿರುವಂಥದ್ದೇ.

ಎಲ್ಲ ಮುದಿ ಬೆಕ್ಕುಗಳೂ ಪೂರ್ತಿ ಸರಿಹೋಗುತ್ತವೆ ಎನ್ನಲಾಗದು. ಮೂತ್ರಕೋಶದ ಸೋಂಕು ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಕೀಲುನೋವಿಗೆ ವೈದ್ಯರ ಔಷಧಿ, ತಗ್ಗಿನ ಟ್ರೇಯಿಂದ ಎಷ್ಟೋ ಆರಾಮ ಸಿಗುತ್ತದೆ. ಮೂತ್ರಪಿಂಡದ ರೋಗ ಹೋಗುವುದಿಲ್ಲ. ಆದರೆ ಬೇಗ ಗೊತ್ತಾದರೆ ತಿಂಗಳುಗಳೋ ವರ್ಷಗಳೋ ನೆಮ್ಮದಿಯಿಂದ ಕಳೆಯಬಹುದು. ಅಂಥ ಬೆಕ್ಕು ಮಲಗುವಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹಳೆಯ ಸೀರೆಯ ನಾಲ್ಕು ಮಡಿಕೆ ಹಾಸಿ, ದಿನಕ್ಕೊಂದನ್ನು ಒಗೆಯಿರಿ. ಒಗೆಯುವ, ಟ್ರೇ ತೆಗೆಯುವ ಕೆಲಸ ಮನೆಯ ಹೆಣ್ಣುಮಕ್ಕಳಿಗೇ ಬೀಳದಿರಲಿ; ಬೆಕ್ಕಿನೊಂದಿಗೆ ಆಡಿ ಬೆಳೆದ ದೊಡ್ಡ ಮಕ್ಕಳು, ಗಂಡಸರೂ ಸರದಿಯ ಮೇಲೆ ಮಾಡಲಿ. ಮುದಿತನ ಬಂದವರನ್ನು ಹೇಗೆ ನೋಡಿಕೊಳ್ಳಬೇಕೆಂಬ ಪಾಠ ಮಕ್ಕಳಿಗೆ ಮಾತಿನಿಂದ ಬರುವುದಕ್ಕಿಂತ ಈ ಕೆಲಸದಿಂದ ಬೇಗ ಬರುತ್ತದೆ.